ಹೃದಯದಲ್ಲಿ ಉಳಿದ ವಿಶ್ವಾಸ: 1799ರ ಶ್ರೀರಂಗಪಟ್ಟಣದ ಕ್ರೈಸ್ತರನ್ನು ಕುರಿತು ಒಂದು ಟಿಪ್ಪಣಿ

ಚಾಮುಂಡಿ ಬೆಟ್ಟದ ವ್ಯೂ ಪಾಯಿಂಟ್‌ನಲ್ಲಿ ನಿಂತವರಿಗೆ ಅರಮನೆಯ ಆಚೆ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳು ಕಾಣುತ್ತವೆ. ಅದರ ಅಸ್ತಿಭಾರ ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು, 1933ರಲ್ಲಿ. ಈ ಸೀಮೆಯ ಕ್ರೈಸ್ತರ ಚರಿತ್ರೆಯ ಅತ್ಯಂತ ಕಠಿಣ ಅಧ್ಯಾಯ ನಡೆದದ್ದು ಇನ್ನೂ ಉತ್ತರಕ್ಕೆ, ಶ್ರೀರಂಗಪಟ್ಟಣದಲ್ಲಿ. ರಕ್ಷಣೆ ಪಡೆದವನು ಅದನ್ನು ಕಳೆದುಕೊಳ್ಳಬಲ್ಲನೆ? ಕಳೆದುಕೊಂಡವನು ಮರಳಿ ಬರಬಹುದೆ? ದೇವಶಾಸ್ತ್ರಜ್ಞರ ಈ ಪ್ರಶ್ನೆಗಳು ಅಲ್ಲಿ ಸಾವಿರಾರು ಮನೆಗಳ ಪ್ರಶ್ನೆಯಾಗಿದ್ದವು.

1784ರಲ್ಲಿ ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟದ ಮೇಲಕ್ಕೆ, ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಯುದ್ಧದಲ್ಲಿ ಅವರು ಇಂಗ್ಲಿಷರ ಪರ ನಿಂತರೆಂಬ ಸಂಶಯ ಅದರ ಹಿಂದಿತ್ತು. ಸೆರೆಯಾದವರ ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ. ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ 60,000 ಎನ್ನುತ್ತಾನೆ. ಹಲವರಿಗೆ ಸುನ್ನತಿಯಾಯಿತು, ಹೆಸರು ಬದಲಾಯಿತು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಚದುರಿದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ದುಬಾಯ್‌ಗೆ ಕರೆ ಬಂತು. ಸೆರೆಯ ವರ್ಷ ಹುಟ್ಟಿದ ಮಗು ಅಷ್ಟು ಹೊತ್ತಿಗೆ ಹದಿನೈದು ವರ್ಷದ ಹುಡುಗ.

1823ರಲ್ಲಿ ಪ್ರಕಟವಾದ ತನ್ನ ಪತ್ರಗಳಲ್ಲಿ ದುಬಾಯ್ ಇದನ್ನು ನೆನೆಯುವ ಧಾಟಿ ಬಹಳ ಕಟುವಾದದ್ದು. ಅಷ್ಟು ಸಾವಿರ ಜನರಲ್ಲಿ ಒಬ್ಬನೂ ತನ್ನ ವಿಶ್ವಾಸವನ್ನು ಬಾಯಿಬಿಟ್ಟು ಹೇಳಿ ಪ್ರಾಣ ಕೊಡಲಿಲ್ಲವಲ್ಲ ಎಂದು ಅವನು ನಾಚಿಕೆಯಿಂದ ಬರೆಯುತ್ತಾನೆ. ಇಂಥ ಪರೀಕ್ಷೆ ಮತ್ತೆ ಬಂದರೆ ಮತ್ತೆ ಹೀಗೇ ಆದೀತೆಂದು ಅಂಜುತ್ತಾನೆ. ಅದೇ ಉಸಿರಿನಲ್ಲಿ ಇನ್ನೊಂದು ಸಂಗತಿಯನ್ನೂ ದಾಖಲಿಸುತ್ತಾನೆ. ಇವರಲ್ಲಿ ಹೆಚ್ಚಿನವರು ಮರಳಿ ಬಂದರು. ತಾವು ಬಿಟ್ಟದ್ದು ಹೊರಗಿನ ನಡಾವಳಿಯನ್ನಷ್ಟೇ, ಕ್ರಿಸ್ತನ ಮೇಲಿನ ವಿಶ್ವಾಸ ಎದೆಯೊಳಗೆ ಹಾಗೆಯೇ ಇತ್ತು ಎಂದರು. ಸುಮಾರು 2,000 ಮಂದಿ ಅವನ ಬಳಿಗೇ ಬಂದರು, ಸುಮಾರು 20,000 ಮಂದಿ ಮಂಗಳೂರು ಸೀಮೆಗೆ ಹಿಂದಿರುಗಿದರು.

ಈ ಮಾತನ್ನು ತಪ್ಪಿಸಿಕೊಳ್ಳುವವರ ನೆಪವೆಂದು ಓದುವುದು ಸುಲಭ. ಆದರೆ ಕಥೋಲಿಕ ಧರ್ಮಸಭೆಯ ಬೋಧನೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಅದರ ತೂಕ ಬೇರೆಯೇ ಆಗುತ್ತದೆ. ದೀಕ್ಷಾಸ್ನಾನದಲ್ಲಿ ದೊರೆತ ವರಪ್ರಸಾದ ಘೋರ ಪಾಪದಿಂದ ನಷ್ಟವಾಗುತ್ತದೆ, ಆದರೆ ವರಪ್ರಸಾದ ಹೋದೊಡನೆ ವಿಶ್ವಾಸವೂ ಹೋಗಲೇಬೇಕೆಂದಿಲ್ಲ ಎಂದು ಟ್ರೆಂಟ್ ಮಹಾಸಭೆ 1547ರಲ್ಲಿ ವಿಧಿಸಿತ್ತು. ಹಾಗೆ ಬಿದ್ದವರು ಏಳುವುದಕ್ಕೆ ಪಾಪನಿವೇದನೆಯ ಸಂಸ್ಕಾರವಿದೆ. ಆ ಸೆರೆಯಾಳುಗಳು ಇದನ್ನೆಲ್ಲ ಓದಿದವರಲ್ಲದಿರಬಹುದು. ಅವರು ನಿಂತದ್ದು ಮಾತ್ರ ಸರಿಯಾಗಿ ಆ ಜಾಗದಲ್ಲಿಯೇ. ರೋಮಾದವರಿಗೆ ಬರೆದ ಪತ್ರದಲ್ಲಿ ಪೌಲನು ಹೃದಯದ ನಂಬಿಕೆಯನ್ನೂ ಬಾಯಿಯ ಅರಿಕೆಯನ್ನೂ ಜೊತೆಗೇ ಕೇಳುತ್ತಾನೆಂಬುದು ನಿಜ. ಅರಿಕೆಗೆ ಅವಕಾಶವಿಲ್ಲದ ಹದಿನೈದು ವರ್ಷಗಳ ನಂತರ ಇವರು ಪಾದ್ರಿಯ ಮುಂದೆ ಬಂದು ನಿಂತದ್ದೇ ತಡವಾಗಿ ಬಂದ ಅರಿಕೆ ಎನ್ನುವುದು ನನ್ನ ಓದು.

ಪ್ರಶ್ನೆ ಹೊಸದಲ್ಲ. 250ರ ಸುಮಾರಿಗೆ ರೋಮ್ ಚಕ್ರವರ್ತಿ ಡೀಸಿಯಸ್‌ನ ಆಜ್ಞೆಗೆ ಹೆದರಿ ದೇವತೆಗಳಿಗೆ ಬಲಿ ಕೊಟ್ಟ ಕ್ರೈಸ್ತರನ್ನು ಮತ್ತೆ ಸೇರಿಸಿಕೊಳ್ಳಬೇಕೆ ಎಂದು ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಯೋಚಿಸಬೇಕಾಯಿತು. ದೀರ್ಘ ಪ್ರಾಯಶ್ಚಿತ್ತದ ಬಳಿಕ ಸೇರಿಸಿಕೊಳ್ಳಬಹುದೆಂಬ ಕಡೆಗೆ ಅವನು ಬಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿಗೆ ಬಂದ ವೆಸ್ಲಿಯನ್ ಮಿಷನ್ನಿನವರು ಪಾದ್ರಿಯ ಪಾಪನಿವೇದನೆಯನ್ನು ಒಪ್ಪಿದವರಲ್ಲ. ಆದರೂ ರಕ್ಷಣೆ ಹೊಂದಿದವನು ಜಾರಿಬೀಳಬಹುದೆಂಬುದು ಜಾನ್ ವೆಸ್ಲಿಯ ಬೋಧನೆ. ವಾರಕ್ಕೊಮ್ಮೆ ಸಣ್ಣ ಗುಂಪಿನಲ್ಲಿ ಕುಳಿತು ಒಬ್ಬರ ಆತ್ಮದ ಸ್ಥಿತಿಯನ್ನು ಇನ್ನೊಬ್ಬರು ವಿಚಾರಿಸುವ ಕ್ಲಾಸ್ ಕೂಟ ಅವರ ಪದ್ಧತಿ. ಒಬ್ಬನೇ ನಿಂತು ನಿಷ್ಠೆಯನ್ನು ಉಳಿಸಿಕೊಳ್ಳುವುದು ಕಷ್ಟವೆಂಬುದನ್ನು ಎರಡೂ ಪಂಗಡಗಳು ಬಲ್ಲವು. ಸೆರೆಯಲ್ಲಿದ್ದವರಿಗೆ ತಪ್ಪಿದ್ದು ಈ ಆಸರೆಯೇ: ಗುರುವಿಲ್ಲ, ಬಲಿಪೂಜೆಯಿಲ್ಲ, ಬಹಿರಂಗ ಸಭೆಯಿಲ್ಲ.

ದುಬಾಯ್‌ನ ಪತ್ರಗಳನ್ನು ಬಳಸುವವರು ಸಾಮಾನ್ಯವಾಗಿ ಹಿಂದೂಗಳ ಮತಾಂತರ ಆಗದ ಮಾತೆಂಬ ಅವನ ವಾದಕ್ಕೇ ಗಮನ ಕೊಡುತ್ತಾರೆ. ಆ ನಿರಾಶೆಯ ಕಣ್ಣಿನಿಂದಲೇ ಅವನು ಸೆರೆಯಾಳುಗಳ ಸೋಲನ್ನೂ ತೂಗಿದ್ದಾನೆ. ಆದರೆ ಹುತಾತ್ಮರ ಲೆಕ್ಕವೊಂದರಿಂದಲೇ ನಿಷ್ಠೆಯನ್ನು ಅಳೆದರೆ ಅವನೇ ಕೊಟ್ಟ ಎರಡನೆಯ ಲೆಕ್ಕಕ್ಕೆ ಅರ್ಥ ಸಿಗುವುದಿಲ್ಲ. 1799ರಲ್ಲಿ ಮರಳಿ ಬರಬೇಕೆಂದು ಅವರ ಮೇಲೆ ಖಡ್ಗ ಎತ್ತಿದವರಿರಲಿಲ್ಲ. ಆದರೂ ಬಂದರು, ಕೆನರಾಕ್ಕೆ ಇಳಿದವರು ನೆಲಸಮವಾಗಿದ್ದ ತಮ್ಮ ಇಗರ್ಜಿಗಳನ್ನು ಮತ್ತೆ ಕಟ್ಟಿದರು.