ಅಧ್ಯಕ್ಷರನ್ನು ಹೆತ್ತ ಶಾಲೆ

ಫ್ರಾನ್ಸಿನಲ್ಲಿ 1974ರಿಂದ 2022ರವರೆಗಿನ ಚುನಾವಣೆಗಳಲ್ಲಿ ಗೆದ್ದು ಬಂದ ರಾಷ್ಟ್ರಾಧ್ಯಕ್ಷರು ಆರು ಜನ. ಅವರಲ್ಲಿ ಜಿಸ್ಕಾರ್ ದೆಸ್ತ್ಯಾಂ, ಶಿರಾಕ್, ಒಲಾಂದ್, ಮ್ಯಾಕ್ರಾನ್ ಈ ನಾಲ್ವರೂ ಓದಿದ್ದು ಒಂದೇ ಶಾಲೆಯಲ್ಲಿ! ಪದವಿ ಮುಗಿಸಿದವರನ್ನು ಸರ್ಕಾರದ ದೊಡ್ಡ ಹುದ್ದೆಗಳಿಗೆ ತಯಾರು ಮಾಡುತ್ತಿದ್ದ ಆ ಶಾಲೆಯನ್ನು ಎಲ್ಲರೂ ಕರೆಯುತ್ತಿದ್ದದ್ದು 'ಎನಾ' ಅಂತ.

ತಮಾಷೆ ಅಂದ್ರೆ, ಅದು ಹುಟ್ಟಿದ್ದೇ ದೊಡ್ಡ ಮನೆತನಗಳ ಹಿಡಿತ ತಪ್ಪಿಸೋಕೆ. ಅದಕ್ಕೂ ಮುಂಚೆ ದೊಡ್ಡ ಇಲಾಖೆಗಳು ತಮ್ಮ ತಮ್ಮದೇ ಪರೀಕ್ಷೆ ನಡೆಸಿಕೊಳ್ಳುತ್ತಿದ್ದವು. ಅವಕ್ಕೆ ತಯಾರಿ ಮಾಡಿಸುತ್ತಿದ್ದದ್ದು 1872ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ ಒಂದು ಖಾಸಗಿ ಶಾಲೆ. ದುಡ್ಡಿದ್ದವರ ಮಕ್ಕಳಿಗೆ ದಾರಿ ಸಲೀಸು. ಯುದ್ಧ ಮುಗಿದ ಮೇಲೆ, 1945ರ ಅಕ್ಟೋಬರಿನಲ್ಲಿ, ಮಿಶೆಲ್ ದೆಬ್ರೆ ರೂಪಿಸಿದ ಯೋಜನೆಯಂತೆ ದ ಗಾಲ್ ಸರ್ಕಾರ ಎನಾ ಸ್ಥಾಪಿಸಿತು. ಪದವೀಧರರಿಗೆ ಒಂದು ಪ್ರವೇಶ ಪರೀಕ್ಷೆ, ಆಗಲೇ ಸರ್ಕಾರಿ ಕೆಲಸದಲ್ಲಿದ್ದವರಿಗೆ ಇನ್ನೊಂದು. ಹೆಂಗಸರಿಗೂ ಪ್ರವೇಶ. ಓದುವಾಗಲೇ ಸಂಬಳ ಬೇರೆ!

ಕಥೆ ತಿರುಗೋದು ರ‍್ಯಾಂಕಿನಲ್ಲಿ. ಕೋರ್ಸ್ ಮುಗಿದಾಗ ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರಾಗಿ ಹುದ್ದೆ ಆರಿಸಿಕೊಳ್ಳಬೇಕು. ಮೊದಲ ಹದಿನೈದರ ಆಸುಪಾಸಿನವರಿಗೆ ಸಿಗುತ್ತಿದ್ದದ್ದು ಮೂರು ಕಡೆ: ಹಣಕಾಸು ತಪಾಸಣೆ, ಲೆಕ್ಕಪತ್ರ ನೋಡುವ ಕೂರ್ ದೆ ಕೋಂತ್, ಸರ್ಕಾರಕ್ಕೆ ಕಾನೂನು ಸಲಹೆ ಕೊಡುವ ಕೋನ್ಸೇ ದೆತಾ. ಒಮ್ಮೆ ಆ ಬಳಗಕ್ಕೆ ಸೇರಿದರೆ ಮುಂದೆ ಮಂತ್ರಿಗಳ ಕಚೇರಿ, ಬ್ಯಾಂಕು, ದೊಡ್ಡ ಕಂಪನಿ ಎಲ್ಲದರ ಬಾಗಿಲೂ ತೆರೆದಂತೆ. ನಮ್ಮ ಸಿಇಟಿಯಲ್ಲೂ ರ‍್ಯಾಂಕು ನೋಡಿಯೇ ಸೀಟು, ನಿಜ. ಆದ್ರೆ ಸಿವಿಲ್ ಓದಿದವನೂ ಇವತ್ತು ನನ್ನ ಪಕ್ಕದಲ್ಲೇ ಕೂತು ಕೋಡ್ ಬರೀತಾನೆ :-) ಅಲ್ಲಿ ಹಾಗಲ್ಲ, ಇಪ್ಪತ್ತರ ಹರೆಯದಲ್ಲಿ ಬಂದ ರ‍್ಯಾಂಕು ಐವತ್ತರಲ್ಲೂ ಜೊತೆಗಿರುತ್ತಿತ್ತು.

ಯಾರ ವಶೀಲಿಯೂ ಇಲ್ಲ, ಎಲ್ಲಾ ಅಂಕದ ಲೆಕ್ಕವೇ. ನನಗೆ ವಿಚಿತ್ರ ಅನಿಸಿದ್ದು ಇದೇ.. ಅಷ್ಟಾದರೂ ಮತ್ತೆ ಅದೇ ವರ್ಗದ ಮನೆಗಳ ಮಕ್ಕಳೇ ತುಂಬಿಕೊಂಡರು! ಅಲ್ಲೇ ಓದಿದ ಶೆವೆನ್ಮಾಂ ಮತ್ತು ಗೆಳೆಯರು 1967ರಲ್ಲೇ ಬೇರೆ ಹೆಸರಿನಲ್ಲಿ 'ಎನಾರ್ಶಿ' ಅನ್ನೋ ಪುಸ್ತಕ ಬರೆದು ಇದನ್ನ ಹಂಗಿಸಿದ್ದರು. 1991ರಲ್ಲಿ ಪ್ರಧಾನಿ ಎದಿತ್ ಕ್ರೆಸೋಂ ಶಾಲೆಯನ್ನೇ ಸ್ಟ್ರಾಸ್‌ಬರ್ಗ್‌ಗೆ ಎತ್ತಂಗಡಿ ಮಾಡಲು ಹೊರಟರು, ಅದೂ ಹಿಂದೆ ಜೈಲಾಗಿದ್ದ ಕಟ್ಟಡಕ್ಕೆ! ಪೂರ್ತಿ ಸ್ಥಳಾಂತರವಾಗಲು 2005 ಬರಬೇಕಾಯಿತು.

2018ರಲ್ಲಿ ಹಳದಿ ಅಂಗಿಯವರು ಬೀದಿಗಿಳಿದ ಮೇಲೆ ಸರ್ಕಾರ ಮಣಿಯಿತು. 2021ರ ಕೊನೆಗೆ ಎನಾ ಮುಚ್ಚಿ, 2022ರ ಜನವರಿ 1ರಿಂದ ಅದೇ ಊರಿನಲ್ಲಿ ಹೊಸ ಹೆಸರಿನ ಸಂಸ್ಥೆ ಶುರುವಾಯಿತು. ಅಲ್ಲಿಂದ ಹೊರಬಂದವರು ಮೊದಲು ಸಾಮಾನ್ಯ ಆಡಳಿತದಲ್ಲಿ ಕೆಲವು ವರ್ಷ ದುಡಿಯಬೇಕು, ನೇರವಾಗಿ ಆ ಮೂರು ಕಡೆ ಹೋಗುವಂತಿಲ್ಲ. ಈ ನಿಯಮ ತಂದದ್ದು ಮ್ಯಾಕ್ರಾನ್ ಸರ್ಕಾರ. 2004ರಲ್ಲಿ ಎನಾ ಮುಗಿಸಿದ ಮ್ಯಾಕ್ರಾನ್ ತಾವೇ ನೇರವಾಗಿ ಹೋಗಿ ಕೂತದ್ದು ಹಣಕಾಸು ತಪಾಸಣೆಯಲ್ಲಿ!