ಎರಿ ಮಣ್ಣಿನ ಧೂಳು, ಕಾರಿನ ಮೈಬಣ್ಣ

ಹುಬ್ಬಳ್ಳಿಯಿಂದ ಪೂರ್ವಕ್ಕೆ ನವಲಗುಂದದ ದಾರಿ ಹಿಡಿದರೆ ಎರಿ ಭೂಮಿ, ಪಶ್ಚಿಮಕ್ಕೆ ಧಾರವಾಡ ದಾಟಿದರೆ ಮಸಾರಿ. ಇವೆರಡರ ನಡುವೆ ದಿನವೂ ಓಡಾಡುವ ಕಾರಿನ ಬಾನೆಟ್ ಮೇಲೆ ಬೆರಳಿನಿಂದ ಹೆಸರು ಬರೆಯಬಹುದು. ಸಾಲಿ ಹುಡುಗರು ಬರೆಯುತ್ತಾರೆ ಕೂಡ. ಕಾರು ತೊಳೆದ ಮೇಲೂ ಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಆ ಅಕ್ಷರಗಳು ಒಮ್ಮೊಮ್ಮೆ ಹಾಗೇ ಕಾಣುತ್ತವೆ. ಅಂದರೆ ಬೆರಳು ಬರೆದದ್ದು ಧೂಳಿನಲ್ಲಷ್ಟೇ ಅಲ್ಲ, ಅದರಡಿಯ ಬಣ್ಣದಲ್ಲೂ.

ವಾಹನದ ಮೈ ತೊಳೆಯುವುದು, ಅದಕ್ಕೆ ಏನಾದರೂ ಬಳಿದು ಕಾಯುವುದು ಕಾರಿನೊಂದಿಗೆ ಬಂದ ಶೋಕಿ ಎಂದು ನಾವು ತಿಳಿದಿದ್ದೇವೆ. ಈ ಭಾಗದಲ್ಲಿ ಅದು ಚಕ್ಕಡಿಯ ಕಾಲದ ಕೆಲಸ. ಜ್ಯೇಷ್ಠದ ಕಾರ ಹುಣ್ಣಿಮೆಗೆ ಎತ್ತುಗಳನ್ನು ಹಳ್ಳಕ್ಕೋ ಕೆರೆಗೋ ಹೊಡೆದುಕೊಂಡು ಹೋಗಿ ಮೈ ತಿಕ್ಕಿ ತೊಳೆದು, ಕೊಂಬು ಹೆರೆದು ಬಣ್ಣ ಹಚ್ಚುತ್ತಾರೆ. ಸಂಜೆ ಕರಿ ಹರಿಯುವಾಗ ನೋಡುವವರ ಕಣ್ಣು ಬಣ್ಣದ ಮೇಲಿರುತ್ತದೆ. ಆದರೆ ಮೈ ತೊಳೆಯುವಾಗಲೇ ಉಣ್ಣಿ, ಗಾಯ, ನೊಗ ತಿಕ್ಕಿ ಆದ ಬಾವು ಒಕ್ಕಲಿಗನ ಕೈಗೆ ಸಿಗುವುದು. ಚಕ್ಕಡಿಗೂ ಆರೈಕೆ ಇತ್ತು. ಅಚ್ಚಿಗೆ ಔಡಲ ಎಣ್ಣೆಯಲ್ಲಿ ಬೂದಿ ಕಲಸಿದ ಕೀಲೆಣ್ಣೆ, ಕಟ್ಟಿಗೆಗೆ ಎಣ್ಣೆಯ ಕೈ, ಮಳೆಗಾಲದಲ್ಲಿ ಮಾಡಿನ ಆಸರೆ. ಮಳೆ ಮುಗಿಯುವ ಹೊತ್ತಿಗೆ ಮಹಾನವಮಿಯ ಖಂಡೆ ಪೂಜೆ. ಒಂದು ತೊಳೆಯುವಿಕೆ ಮುಂಗಾರಿನ ಈ ದಡದಲ್ಲಿ, ಇನ್ನೊಂದು ಆ ದಡದಲ್ಲಿ. ಹಬ್ಬಗಳನ್ನು ಹೀಗೆ ಯೋಚಿಸಿಯೇ ಇಟ್ಟರು ಎಂದು ನಾನು ಹೇಳುವುದಿಲ್ಲ. ಆದರೆ ಇಟ್ಟ ಜಾಗ ಚೆನ್ನಾಗಿದೆ.

ಬಣ್ಣ ಬಳಿಯುವುದು ಹುಬ್ಬಳ್ಳಿಯಲ್ಲಿ ಕಾರ್ಖಾನೆಯ ಕಸುಬಾದದ್ದು ರೈಲಿನಿಂದ. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಇಲ್ಲಿಗೆ ಹಳಿ ಹಾಕಿತು. ಅದೇ ದಶಕದಲ್ಲಿ ರೈಲ್ವೆ ವರ್ಕ್‌ಶಾಪ್ ಶುರುವಾಯಿತು. ಆಗ ಗಾಡಿಗಳ ಮೈ ಬಹುಪಾಲು ಕಟ್ಟಿಗೆಯದು. ಅಂಥ ಗಾಡಿಗೆ ಬಣ್ಣ ಕೊಡುವುದೆಂದರೆ ಒಂದು ದಿನದ ಮಾತಲ್ಲ. ಮೊದಲು ಎಣ್ಣೆಯಲ್ಲಿ ಕಲಸಿದ ಸೀಸದ ಬಿಳಿಯ ಲೇಪ, ಆಮೇಲೆ ಗಿಲಾವಿನಂತೆ ಪುಟ್ಟಿ, ನೀರು ಹಾಕಿ ಉಜ್ಜುಗಲ್ಲಿನಿಂದ ಉಜ್ಜಾಟ, ಅದರ ಮೇಲೆ ಬಣ್ಣ, ಕೊನೆಗೆ ಎರಡು ಮೂರು ಸಲ ವಾರ್ನಿಷು. ಪ್ರತಿ ಪದರೂ ಒಣಗುವ ತನಕ ಮುಂದಿನದಕ್ಕೆ ಕೈ ಹಾಕುವಂತಿಲ್ಲ. ಎಲ್ಲ ಸೇರಿ ವಾರಗಟ್ಟಲೆ ಹಿಡಿಯುತ್ತಿತ್ತು. ಆ ಕಾಲದ ರೈಲ್ವೆಗಳಲ್ಲೆಲ್ಲ ಕ್ರಮ ಹೆಚ್ಚುಕಡಿಮೆ ಇದೇ.

ಆ ಎಣ್ಣೆ ಯಾವುದು ಎನ್ನುವುದು ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ರುಚಿಯಾದ ಸಂಗತಿ. ಅದು ಅಗಸಿ ಎಣ್ಣೆ. ನಾವು ರೊಟ್ಟಿಗೆ ಹಿಂಡಿ ಮಾಡಿಕೊಂಡು ತಿನ್ನುವ ಅದೇ ಅಗಸಿ. ಅಗಸಿ ಎಣ್ಣೆ ನೀರಿನ ಹಾಗೆ ಆರಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಎಳೆದುಕೊಂಡು ಅದರ ಕಣಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಎಣ್ಣೆ ಹೋಗಿ ಗಟ್ಟಿಯಾದ ಪೊರೆ ಉಳಿಯುತ್ತದೆ. ಶೇಂಗಾ ಎಣ್ಣೆಗೆ ಈ ಗುಣವಿಲ್ಲ. ಕುಸುಬಿ ಎಣ್ಣೆಗೆ ಸ್ವಲ್ಪ ಇದೆ, ಅದು ಬೇಗ ಹಳದಿಯಾಗುವುದಿಲ್ಲವೆಂದು ಬಿಳಿ ಬಣ್ಣಗಳಿಗೆ ಬಳಸಿದ್ದುಂಟು. ಅಗಸಿ, ಕುಸುಬಿ ಎರಡೂ ಹಿಂಗಾರಿಯಲ್ಲಿ ಎರಿ ಹೊಲದ ತೇವವನ್ನೇ ನಂಬಿ ಬೆಳೆಯುವ ಬೆಳೆಗಳು. ಯಾವ ಮಣ್ಣು ಧೂಳಾಗಿ ಹಾರಿ ಗಾಡಿಯ ಮೈ ಕೆಡಿಸುತ್ತದೋ ಅಂಥ ಮಣ್ಣೇ ಮೈ ಕಾಯುವ ಎಣ್ಣೆಯನ್ನೂ ಕೊಡುತ್ತಿತ್ತು.

ಮೋಟಾರು ಬಂದಾಗ ಅದಕ್ಕೂ ಸಾರೋಟಿನ ಬಣ್ಣವೇ. ಆದರೆ ಕಾರ್ಖಾನೆಯಿಂದ ಕಾರುಗಳು ಸಾಲುಗಟ್ಟಿ ಹೊರಬೀಳತೊಡಗಿದ ಮೇಲೆ ಬಣ್ಣ ಒಣಗುವ ತನಕ ವಾರಗಟ್ಟಲೆ ಅವನ್ನು ನಿಲ್ಲಿಸಿಕೊಳ್ಳುವುದು ಹೇಗೆ? ಹೆನ್ರಿ ಫೋರ್ಡ್ ತನ್ನ ಮಾಡೆಲ್ ಟಿ ಕಾರನ್ನು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಷ್ಟೇ ಮಾರಿದ. ಡಾಂಬರು ಜಾತಿಯ ಆ ಕಪ್ಪು ಅಗ್ಗವಾಗಿತ್ತು, ಗಟ್ಟಿಯಾಗಿತ್ತು, ಭಟ್ಟಿಯಲ್ಲಿ ಬೇಗ ಒಣಗುತ್ತಿತ್ತು. ಬಣ್ಣಬಣ್ಣದ ಕಾರಿಗೆ ದಾರಿ ತೆರೆದದ್ದು ಡುಪಾಂಟ್ ಕಂಪನಿಯ ಡ್ಯೂಕೋ. 1923ರಲ್ಲಿ ಜನರಲ್ ಮೋಟಾರ್ಸ್ ತನ್ನ ಓಕ್‌ಲ್ಯಾಂಡ್ ಕಾರುಗಳಿಗೆ ಅದನ್ನು ಹಚ್ಚಿತು. ಸಿಂಪಡಿಸಿದರೆ ತಾಸುಗಳಲ್ಲಿ ಒಣಗುವ ಬಣ್ಣ. ಅದರ ಮೂಲವಸ್ತು ನೈಟ್ರೋಸೆಲ್ಯುಲೋಸ್, ಮೊದಲ ಮಹಾಯುದ್ಧದಲ್ಲಿ ಗುಂಡುಗಳಿಗೆ ತುಂಬಿದ ಹೊಗೆರಹಿತ ಮದ್ದಿನದೇ ಜಾತಿ. ಅದನ್ನು ಮಾಡುವುದು ಹತ್ತಿಯ ನಾರಿನಿಂದ!

ಹುಬ್ಬಳ್ಳಿಯವರಿಗೆ ಹತ್ತಿಯ ಬಗ್ಗೆ ಹೇಳಬೇಕಾಗಿಲ್ಲ. 1840ರ ದಶಕದಿಂದ ಅಮೆರಿಕದ ಬೀಜ ತಂದು ಬಿತ್ತಿ 'ಧಾರವಾಡ ಅಮೆರಿಕನ್' ಎಂಬ ತಳಿಯೇ ಹೆಸರಾದ ನೆಲ ಇದು. ಇಲ್ಲಿನ ಹತ್ತಿ ಡ್ಯೂಕೋ ಆಯಿತು ಎಂದಲ್ಲ. ಮೊದಲು ಅಗಸಿ, ಆಮೇಲೆ ಹತ್ತಿ, ಹೀಗೆ ಗಾಡಿಯ ಚರ್ಮ ಎರಡು ತಲೆಮಾರು ಹೊಲದಿಂದಲೇ ಬರುತ್ತಿತ್ತು ಎನ್ನುವುದಷ್ಟೇ ನನ್ನ ಮಾತು. ಪೆಟ್ರೋಲಿಯಮ್ಮಿನಿಂದ ಮಾಡಿದ ರಾಳಗಳು ಆ ಜಾಗ ಹಿಡಿದದ್ದು ಆಮೇಲೆ.

ಡ್ಯೂಕೋ ಎಂಬ ಹೆಸರು ಕಂಪನಿಯನ್ನು ಬಿಟ್ಟು ನಮ್ಮ ಮಾತಿಗೆ ಇಳಿಯಿತು. ಇವತ್ತಿಗೂ ಬಡಿಗರು ಕಪಾಟಿಗೆ 'ಡ್ಯೂಕೋ ಮಾಡಿ' ಎನ್ನುತ್ತಾರೆ. ಆ ಬಣ್ಣಕ್ಕೆ ಒಂದು ದೋಷವಿತ್ತು. ಬಿಸಿಲಿಗೆ ಬೇಗ ಮಂಕಾಗಿ ಸುಣ್ಣದ ಪುಡಿಯಂತೆ ಬಿಡುತ್ತಿತ್ತು. ಉಜ್ಜಬೇಕು, ಮೇಣ ಹಚ್ಚಬೇಕು, ಮತ್ತೆ ಉಜ್ಜಬೇಕು. ಅಂಬಾಸಿಡರ್, ಫಿಯಟ್ ಕಾರುಗಳ ಕಾಲದ ಮಾಲೀಕರು ಈ ಸೇವೆಯನ್ನು ಶ್ರದ್ಧೆಯಿಂದ ಮಾಡಿದರು. ವರ್ಷಗಟ್ಟಲೆ ಕಾದು ಪಡೆದ ಕಾರು, ಮಕ್ಕಳ ಕಾಲಕ್ಕೂ ಉಳಿಯಬೇಕಾದದ್ದು. ಮಂಕಾದರೆ ಗ್ಯಾರೇಜಿನಲ್ಲಿ ಟಿಂಕರಿಂಗ್ ಮಾಡಿಸಿ ಪೂರ್ತಿ ಹೊಸ ಬಣ್ಣ ಹೊಡೆಸುವುದೂ ಇತ್ತು. ದಪ್ಪ ತಗಡು, ಅದರ ಮೇಲೆ ದಪ್ಪ ಬಣ್ಣ. ನಾಲ್ಕು ಸಲ ಉಜ್ಜಿದರೂ ಇನ್ನೂ ಉಳಿದಿರುತ್ತಿತ್ತು.

ಈಗ ಹಾಗಿಲ್ಲ. ಇಂದಿನ ಕಾರಿನ ಬರಿಯ ಮೈಯನ್ನು ಇಡಿಯಾಗಿ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಸಂದಿಗೊಂದಿಗೂ ಬಣ್ಣ ಅಂಟುವಂತೆ ಮಾಡುತ್ತಾರೆ. ಫೋರ್ಡ್ ಕಂಪನಿ 1960ರ ದಶಕದಲ್ಲಿ ಬಳಕೆಗೆ ತಂದ ವಿದ್ಯೆ ಇದು. ತುಕ್ಕಿಗೆ ಇಷ್ಟು ದೊಡ್ಡ ಏಟು ಬೇರೆ ಯಾವುದೂ ಕೊಟ್ಟಿಲ್ಲ. ಅದರ ಮೇಲೆ ಪ್ರೈಮರ್, ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಪಾರದರ್ಶಕ ಪದರು. ಬಿಸಿಲು ತಡೆಯುವುದೂ ಹೊಳಪು ಕೊಡುವುದೂ ಅದೇ. ಎಲ್ಲ ಸೇರಿದರೆ ಸುಮಾರು 100ರಿಂದ 120 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಕ್ಲಿಯರ್ ಕೋಟ್ ಅದರಲ್ಲಿ 40 ಮೈಕ್ರಾನ್ ಆಸುಪಾಸು, ತಲೆಗೂದಲಿಗಿಂತ ತೆಳು. ಪ್ರತಿ ಸಲ ಪಾಲಿಶ್ ಮಾಡಿಸಿದಾಗಲೂ ಅದರಲ್ಲಿ ಸ್ವಲ್ಪ ಸವೆಯುತ್ತದೆ. ಅದು ಮುಗಿದ ಕಡೆ ಛಾವಣಿಯ ಬಣ್ಣ ಹಪ್ಪಳದಂತೆ ಏಳುವುದನ್ನು ಬಿಸಿಲಲ್ಲಿ ನಿಲ್ಲುವ ಹಳೆಯ ಟ್ಯಾಕ್ಸಿಗಳಲ್ಲಿ ನೋಡಿರುತ್ತೀರಿ. ಹಿಂದಿನವರು ಬಣ್ಣವನ್ನು ಉಜ್ಜಿ ಉಳಿಸಿಕೊಂಡರು. ನಾವು ಉಜ್ಜುವ ಪ್ರಸಂಗವೇ ಬಾರದಂತೆ ತೊಳೆದು ಉಳಿಸಿಕೊಳ್ಳಬೇಕು.

ಕೆಡಿಸುವವು ಯಾವುವು? ಹಕ್ಕಿಯ ಹಿಕ್ಕೆ ಮೊದಲನೆಯದು. ಅದರಲ್ಲಿ ಆಮ್ಲವಿದೆ, ಬಿಸಿಲಿಗೆ ಮೆತ್ತಗಾದ ಪದರಿನ ಮೇಲೆ ಒಣಗಿ ಬಿಗಿಯುತ್ತದೆ, ಕೆರೆದು ತೆಗೆದರೂ ಗುರುತು ಉಳಿಯುತ್ತದೆ. ಧಾರವಾಡದ ಮರಗಳ ನೆರಳಿನಲ್ಲಿ ಕಾರು ನಿಲ್ಲಿಸುವವರಿಗೆ ಇದರ ಜೊತೆ ಅಂಟು ಹನಿಯೂ ಉಚಿತ. ರೈಲು ಹಳಿಯ ಪಕ್ಕ ನಿಂತ ಕಾರುಗಳ ಮೇಲೆ ಬ್ರೇಕು, ಹಳಿ ಸವೆದ ಸಣ್ಣ ಕಬ್ಬಿಣದ ಕಣಗಳು ಕೂತು ತುಕ್ಕು ಹಿಡಿದು ಕಂದು ಚುಕ್ಕಿಗಳಾಗುತ್ತವೆ. ಇನ್ನು ಎರಿ ಮಣ್ಣು. ಅದರ ಜೇಡಿ ನೀರನ್ನು ಹೀರಿ ಉಬ್ಬುವಂಥದ್ದು, ಬೇಗ ಬಿಡುವಂಥದ್ದಲ್ಲ. ಮಡ್‌ಗಾರ್ಡಿನ ಒಳಗೆ, ಬಾಗಿಲಿನ ಕೆಳ ಅಂಚಿನಲ್ಲಿ ಮೆತ್ತಿಕೊಂಡರೆ ದಿನಗಟ್ಟಲೆ ಒದ್ದೆ ಹಿಡಿದಿಟ್ಟುಕೊಳ್ಳುತ್ತದೆ. ಕಬ್ಬಿಣ, ಗಾಳಿ, ನೀರು ಮೂರೂ ಒಂದೆಡೆ ಸೇರಿದಾಗ ತುಕ್ಕು ಬರುವುದು ಅಲ್ಲೇ. ಬಾನೆಟ್ ಹೊಳೆಯುತ್ತಿದ್ದರೂ ಕಾರು ಕೆಳಗಿನಿಂದ ಸಾಯುತ್ತದೆ.

ಬಿಆರ್‌ಟಿಎಸ್‌ಗಾಗಿ ಅವಳಿ ನಗರದ ನಡುವಿನ ರಸ್ತೆಯನ್ನು ಅಗೆದಿದ್ದ ವರ್ಷಗಳಲ್ಲಿ ಬಹಳ ಮಂದಿ ಬೆಳಿಗ್ಗೆ ಎದ್ದೊಡನೆ ಒಣ ಬಟ್ಟೆಯಿಂದ ಕಾರು ಝಾಡಿಸುವ ರೂಢಿ ಬೆಳೆಸಿಕೊಂಡರು. ಅದು ತೊಳೆಯದೆ ಬಿಡುವುದಕ್ಕಿಂತ ಕೆಟ್ಟದ್ದು ಎನ್ನುತ್ತೇನೆ. ಧೂಳಿನಲ್ಲಿರುವ ಮರಳಿನ ಕಣ ಕ್ಲಿಯರ್ ಕೋಟಿಗಿಂತ ಎಷ್ಟೋ ಗಟ್ಟಿ. ಒಣ ಬಟ್ಟೆ ಅದನ್ನು ಮೈತುಂಬ ಎಳೆದಾಡುತ್ತದೆ. ಬಿಸಿಲಲ್ಲಿ ಜೇಡರಬಲೆಯಂತೆ ಕಾಣುವ ಗೀರುಗಳು ಹೀಗೆ ಹುಟ್ಟಿದವು.

ಹಾಗಾದರೆ ನೀರು ಬೇಕು. ಇಲ್ಲಿಯೇ ನಮ್ಮ ಊರಿನ ನಿಜವಾದ ಪೇಚು. ಸವದತ್ತಿಯ ಮಲಪ್ರಭಾ ಜಲಾಶಯ ಮತ್ತು ನೀರಸಾಗರವನ್ನು ನಂಬಿದ ಊರಿದು. 2008ರಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬಂತು, ದೇಶವೆಲ್ಲ ಬಂದು ನೋಡಿತು. ಉಳಿದ ಓಣಿಗಳಲ್ಲಿ ವಾರಕ್ಕೊಮ್ಮೆ, ಕೆಲವೆಡೆ ಅದಕ್ಕೂ ತಡವಾಗಿ ನೀರು ಬಿಡುವುದನ್ನು ಕಾದು ಕೂತವರಿದ್ದಾರೆ. ಅಂಥ ಊರಿನಲ್ಲಿ ಪೈಪು ಹಿಡಿದು ಕಾರು ತೊಳೆದರೆ, ನಿಮಿಷಕ್ಕೆ 10 ಲೀಟರ್ ಎಂದು ಹಿಡಿದರೂ 20 ನಿಮಿಷಕ್ಕೆ 200 ಲೀಟರ್. ಪಕ್ಕದ ಮನೆಯವರು ಕೊಡ ಎಣಿಸುತ್ತಿರುವಾಗ ಇದು ಬರಿ ಕಾರಿನ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಮೂರು ಬಕೆಟ್ಟಿನಲ್ಲಿ ಆಗುತ್ತದೆ, 50 ಲೀಟರಿನೊಳಗೆ. ನೆರಳಿನಲ್ಲಿ ನಿಲ್ಲಿಸಿ, ಮೊದಲ ಬಕೆಟ್ಟನ್ನು ತಂಬಿಗೆಯಿಂದ ಮೇಲಿನಿಂದ ಸುರಿದು ಸಡಿಲ ಧೂಳನ್ನು ಇಳಿಸುವುದು, ಕೈ ತಾಗಿಸದೆ. ಎರಡನೆಯದರಲ್ಲಿ ಕಾರಿನ ಶಾಂಪೂ, ಮೂರನೆಯದರಲ್ಲಿ ಬರಿ ನೀರು. ಶಾಂಪೂ ಅದ್ದಿದ ಬಟ್ಟೆಯಿಂದ ಒಂದು ಭಾಗ ಒರೆಸಿ, ಆ ಬಟ್ಟೆಯನ್ನು ಮೊದಲು ಬರಿ ನೀರಿನಲ್ಲಿ ಜಾಲಿಸಿ ಆಮೇಲಷ್ಟೇ ಮತ್ತೆ ಶಾಂಪೂಗೆ. ಕೊನೆಗೆ ಜಾಲಾಡಲು ಸ್ವಲ್ಪ ನೀರು ಎತ್ತಿಟ್ಟುಕೊಂಡಿರಬೇಕು. ಬಟ್ಟೆ ಒಗೆಯುವ ಪುಡಿ ಬೇಡ, ಅದು ಹಚ್ಚಿದ ಮೇಣವನ್ನೂ ಕಿತ್ತುಕೊಂಡು ಹೋಗುತ್ತದೆ. ನೀರು ತಾನೇ ಆರಲೂ ಬಿಡಬಾರದು. ಬೋರಿನ ಗಡುಸು ನೀರಿನ ಬಿಳಿ ಕಲೆ ಗಾಜಿನ ಮೇಲಿನಷ್ಟೇ ಹಟದಿಂದ ಬಣ್ಣದ ಮೇಲೂ ಕೂರುತ್ತದೆ.

ಮೇಣ ಬೇಕೆ, ಸೆರಾಮಿಕ್ ಲೇಪ ಬೇಕೆ ಎಂದು ಕೇಳುವವರಿದ್ದಾರೆ. ಬ್ರೆಜಿಲಿನ ತಾಳೆ ಎಲೆಯ ಕಾರ್ನಾಬಾ ಮೇಣ ಕೆಲವು ವಾರಗಳಿಂದ ತಿಂಗಳುಗಳವರೆಗೆ ಇರುತ್ತದೆ, ಸಿಲಿಕಾ ಮೂಲದ ಲೇಪ ವರ್ಷಗಳವರೆಗೆ. ಎರಡೂ ಮಾಡುವುದು ಕೊಳೆ ಬೇಗ ಅಂಟದಂತೆ, ಅಂಟಿದ್ದು ಬೇಗ ಬಿಡುವಂತೆ. ನೀರು ಕಡಿಮೆ ಇರುವ ಊರಿಗೆ ಅದು ಸಣ್ಣ ಲಾಭವಲ್ಲ. ಆದರೆ ಸಾವಿರಾರು ರೂಪಾಯಿಯ ಲೇಪ ಹಚ್ಚಿಸಿ, ಇನ್ನು ತೊಳೆಯುವ ಕೆಲಸವಿಲ್ಲ ಎಂದು ಕೈ ಝಾಡಿಸಿಕೊಂಡವರ ಕಾರಿಗಿಂತ ಎರಡು ವಾರಕ್ಕೊಮ್ಮೆ ಮೂರು ಬಕೆಟ್ ಕಂಡ ಕಾರು ಹೆಚ್ಚು ಬಾಳುತ್ತದೆ.

ಖಂಡೆ ಪೂಜೆಯ ದಿನ ಊರ ತುಂಬ ಕಾರುಗಳು ತೊಳೆದು ಥಳಥಳ ಎನ್ನುತ್ತವೆ. ಆಮೇಲೆ ಬಾನೆಟ್ ಮೇಲೆ ಒದ್ದೆ ಕುಂಕುಮ, ವಿಭೂತಿಯ ಪಟ್ಟಿ, ಟೇಪಿನಿಂದ ಅಂಟಿಸಿದ ಚೆಂಡುಹೂವಿನ ಮಾಲೆ. ಹಬ್ಬದ ಗುರುತೆಂದು ಅದನ್ನು ದೀಪಾವಳಿ ತನಕ ಬಿಡುವವರಿದ್ದಾರೆ. ಬಿಳಿ ಕಾರುಗಳ ಮೇಲೆ ಆ ಕೆಂಪು, ಆ ಹಳದಿ ಮುಂದಿನ ಮಹಾನವಮಿಗೂ ಇರುತ್ತವೆ.