‘ಮಿಥಿಂಕ್ಸ್’: ಇಂಗ್ಲಿಷ್ ಕಳೆದುಕೊಂಡ ‘ನನಗೆ ಅನಿಸುತ್ತದೆ’

‘ಮಿಥಿಂಕ್ಸ್’ ಎಂಬುದು ಇಂಗ್ಲಿಷಿನಲ್ಲಿ ಬಳಕೆ ತಪ್ಪಿರುವ ಒಂದು ಕ್ರಿಯಾರೂಪ. ಷೇಕ್ಸ್‌ಪಿಯರನ ನಾಟಕಗಳಲ್ಲಿ ಕಾಣಸಿಗುವ ಈ ಪದಕ್ಕೆ ‘ಐ ಥಿಂಕ್’ ಎಂದು ಅರ್ಥ ಹೇಳಿಬಿಡುವುದು ವಾಡಿಕೆ. ಆದರೆ ‘ಐ’ ಇರಬೇಕಾದಲ್ಲಿ ‘ಮಿ’ ಏಕಿದೆ, ಕೊನೆಯಲ್ಲಿ ‘ಸ್’ ಏಕೆ ಬಂದಿದೆ ಎಂಬುದಕ್ಕೆ ಇದರಿಂದ ಉತ್ತರ ದೊರೆಯದು.

ಹಳೆಯ ಇಂಗ್ಲಿಷಿನಲ್ಲಿ ಎರಡು ಬೇರೆ ಬೇರೆ ಕ್ರಿಯಾಪದಗಳಿದ್ದವು. ‘ಥೆಂಚನ್’ ಎಂದರೆ ಆಲೋಚಿಸು. ‘ಥ್ಯುಂಚನ್’ ಎಂದರೆ ತೋರು, ಅನಿಸು. ‘ಮಿಥಿಂಕ್ಸ್’ ಹುಟ್ಟಿದ್ದು ಎರಡನೆಯದರಿಂದ. ಇಲ್ಲಿನ ‘ಮಿ’ ಚತುರ್ಥಿ ವಿಭಕ್ತಿಯ ರೂಪ, ಅಂದರೆ ‘ನನಗೆ’. ‘ಸ್’ ಪ್ರಥಮ ಪುರುಷ ಏಕವಚನದ ಪ್ರತ್ಯಯ. ಕನ್ನಡದ ‘ಅನಿಸುತ್ತದೆ’ ಎಂಬಲ್ಲಿನ ‘ಅದೆ’ಗೆ ಸಮಾನವಾದುದು. ಮುಂದೆ ಈ ಎರಡು ಕ್ರಿಯಾಪದಗಳ ಉಚ್ಚಾರ ಒಂದರಲ್ಲೊಂದು ಬೆರೆತು, ‘ಥಿಂಕ್’ ಮಾತ್ರ ಉಳಿಯಿತು. ‘ಲೈಕ್’ ಕ್ರಿಯಾಪದದ ಕಥೆಯೂ ಇಂಥದೇ. ಹಿಂದೆ ಅದರ ಅರ್ಥ ‘ಹಿಡಿಸು’ ಎಂದಿತ್ತು. ‘ನನಗೆ ಹಿಡಿಸುತ್ತದೆ’ ಎಂಬ ಮಾದರಿಯಲ್ಲೇ ವಾಕ್ಯ ರಚನೆಯಾಗುತ್ತಿತ್ತು.

ಇಂಗ್ಲಿಷ್ ಕೈಬಿಟ್ಟ ಈ ರಚನೆ ಬೆಂಗಳೂರಿನ ಜೋಗುಪಾಳ್ಯದಲ್ಲಿ ದಿನನಿತ್ಯದ ಮಾತು. 1809ರಲ್ಲಿ ದಂಡು ಪ್ರದೇಶ ಸ್ಥಾಪನೆಯಾದ ಬಳಿಕ ಹಲಸೂರಿನ ಸುತ್ತಮುತ್ತ ಹಲವು ಭಾಷೆಗಳು ಒಟ್ಟಿಗೆ ನೆಲೆಸಿದವು. ಹಲಸೂರಿಗೆ ಹೊಂದಿಕೊಂಡ ಈ ಬಡಾವಣೆಯಲ್ಲಿ ಕನ್ನಡಿಗರು ‘ನನಗೆ ಅನಿಸುತ್ತದೆ’ ಎಂದರೆ, ತಮಿಳರು ‘ಎನಕ್ಕು ತೋಣುದು’, ತೆಲುಗರು ‘ನಾಕು ಅನಿಪಿಸ್ತುಂದಿ’, ಉರ್ದು ಮಾತಾಡುವವರು ‘ಮುಝೆ ಲಗ್ತಾ ಹೈ’ ಎನ್ನುತ್ತಾರೆ. ನಾಲ್ಕರಲ್ಲೂ ಅನುಭವಿಸುವವನು ಕರ್ತೃವಲ್ಲ; ಅನಿಸಿಕೆಯೇ ಅವನ ಬಳಿಗೆ ಬರುತ್ತದೆ. ಹಸಿವು, ಚಳಿ, ನೆನಪುಗಳನ್ನೂ ಈ ಭಾಷೆಗಳು ಬಹುಮಟ್ಟಿಗೆ ಹೀಗೆಯೇ ಹೇಳುತ್ತವೆ.

ಆದ್ದರಿಂದ ಕನ್ನಡದ ಮಕ್ಕಳು ಇಂಗ್ಲಿಷ್ ಕಲಿಯುವಾಗ ‘ನನಗೆ’ ಎಂಬುದನ್ನು ‘ಟು ಮಿ’ ಎಂದು ಬರೆದರೆ ಅದು ಇಂದಿನ ಇಂಗ್ಲಿಷ್ ವ್ಯಾಕರಣಕ್ಕೆ ಒಪ್ಪದಿರಬಹುದು. ಆದರೆ ಅರ್ಥವಿಲ್ಲದ ತಪ್ಪಲ್ಲ. ಹೆಚ್ಚಿನ ಎಚ್ಚರ ಬೇಕಾದುದು ಅನುವಾದದಲ್ಲಿ. ‘ಐ ಥಿಂಕ್’ ಎಂದು ಕಂಡಲ್ಲೆಲ್ಲ ‘ನಾನು ಯೋಚಿಸುತ್ತೇನೆ’ ಎಂದು ಬರೆಯುವ ರೂಢಿ ಬೆಳೆಯುತ್ತಿದೆ. ಯೋಚಿಸುವುದು ಪ್ರಯತ್ನ, ಅನಿಸುವುದು ತಾನಾಗಿ ಆಗುವಂಥದು. ಇಂಗ್ಲಿಷಿನಲ್ಲಿ ಒಂದೇ ಪದದೊಳಗೆ ಸೇರಿಹೋದ ಈ ಭೇದವನ್ನು ಕನ್ನಡ ಇನ್ನೂ ಉಳಿಸಿಕೊಂಡಿದೆ. ಅನುವಾದದ ಅವಸರದಲ್ಲಿ ಅದನ್ನು ಕಳೆದುಕೊಳ್ಳಬೇಕಾಗಿಲ್ಲ.